ನೀರಿನ ತಳಿ, ಬಯಲುಸೀಮೆಯ ಮನೆ

ನಾಯಿ ನಮ್ಮ ಸೀಮೆಗೆ ಹೊಸ ಜೀವವಲ್ಲ. ಕುರಿಹಟ್ಟಿಯಲ್ಲಿ, ಹೊಲದ ಗುಡಿಸಲಿನಲ್ಲಿ, ವಾಡೆಯ ಅಂಗಳದಲ್ಲಿ ಅದು ತುಣುಕು ರೊಟ್ಟಿಯ ಋಣ ತೀರಿಸುತ್ತ ಬಾಳಿದೆ. ಆದರೆ ಇಂದು ನಗರಗಳ ಮನೆಗಳಲ್ಲಿ ಕಾಣಸಿಗುವ ಗುಂಗುರು ಕೂದಲಿನ ಪೂಡಲ್ ಮೊದಲಾದ ತಳಿಗಳ ಮಾತು ಬೇರೆ. ಅವು ಅಂಗಳದಲ್ಲಲ್ಲ, ಪಡಸಾಲೆಯಲ್ಲಿಯೇ ನಮ್ಮೊಡನೆ ವಾಸಿಸುತ್ತವೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಬಂಧುಗಳು ಇಂತಹ ಮರಿಯನ್ನು ಮನೆಗೆ ತರುವ ಮುನ್ನ ಅರಿಯಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಬಯಸುತ್ತೇವೆ.

ಪೂಡಲ್ ಎಂಬ ಹೆಸರು ಜರ್ಮನ್ ಭಾಷೆಯದು. ನೀರಿನಲ್ಲಿ ಚಿಮ್ಮಾಡುವುದೆಂಬ ಅರ್ಥದ ಪದದಿಂದ ಅದು ಬಂದಿದೆ. ಬೇಟೆಗಾರರು ಹೊಡೆದುರುಳಿಸಿದ ಬಾತುಗಳನ್ನು ತಣ್ಣೀರಿನಲ್ಲಿ ಈಜಿ ತರುವುದು ಅದರ ಮೂಲ ಕೆಲಸ. ಪೋರ್ಚುಗಲ್ಲಿನ ಇಂತಹದೇ ಒಂದು ತಳಿ ಮೀನುಗಾರರ ದೋಣಿಗಳಲ್ಲಿ ದುಡಿಯುತ್ತಿತ್ತು. ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮಾ ಅವರ ಕುಟುಂಬ 2009ರಲ್ಲಿ ಅದೇ ತಳಿಯ ನಾಯಿಯನ್ನು ಸಾಕಿತು. ನಮ್ಮ ತುಂಗಭದ್ರೆಯ ನೀರುನಾಯಿಯಾದರೋ ಸಂಪೂರ್ಣ ಬೇರೆಯಾದ ವನ್ಯಪ್ರಾಣಿ. ಎರಡನ್ನೂ ಒಂದೆಂದು ತಿಳಿಯಬಾರದು.

ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ನೋಡಿರಿ. 2005ರಲ್ಲಿ ಭಾರತ ಸರಕಾರದ ಅಂಚೆಚೀಟಿಯ ಗೌರವ ಪಡೆದ ಆ ನಾಯಿಯದು ಗಿಡ್ಡ ಕೂದಲಿನ ನುಣುಪು ಮೈ. ನಮ್ಮ ಬಿಸಿಲಿಗೆ ಹೊಂದಿಕೊಂಡ ಶರೀರ. ಗುಂಗುರು ಕೂದಲಾದರೋ ತಣ್ಣೀರಿಗೆಂದು ಬಂದ ಹೊದಿಕೆ. ಅದನ್ನು ಹೊತ್ತ ಜೀವಿಯನ್ನು ಎರೆಮಣ್ಣಿನ ಬಯಲಿಗೆ ಕರೆತಂದವರು, ಹವೆಯ ಈ ವ್ಯತ್ಯಾಸವನ್ನು ತಮ್ಮ ಕೈಯ ಸೇವೆಯಿಂದಲೇ ತುಂಬಿಕೊಡಬೇಕಾಗುತ್ತದೆ.

ಈ ಕೂದಲು ಹೆಚ್ಚು ಉದುರದೆ ಬೆಳೆಯುತ್ತಲೇ ಇರುತ್ತದೆ. ಉದುರಬೇಕಾದ ಎಳೆಗಳು ಸುರುಳಿಯಲ್ಲಿಯೇ ಸಿಕ್ಕಿಕೊಂಡು ಗಂಟಾಗುತ್ತವೆ. ಗಂಟು ಬಿಗಿದಷ್ಟೂ ಚರ್ಮ ಎಳೆದು ನೋಯುತ್ತದೆ, ಅಡಿಯಲ್ಲಿ ಹುಣ್ಣಾಗುತ್ತದೆ. ಬೆಟಗೇರಿಯ ನೇಕಾರರು ಸಿಕ್ಕಾದ ನೂಲನ್ನು ಜಗ್ಗುವುದಿಲ್ಲ. ಬೆರಳಿನಿಂದ ಬಿಡಿಸಿ ತುದಿಯಿಂದ ಬುಡದ ಕಡೆಗೆ ಸಾಗುತ್ತಾರೆ. ಇಲ್ಲಿಯೂ ಅದೇ ಕ್ರಮ. ಹಣಿಗೆ ಪ್ರತಿದಿನ ಚರ್ಮದವರೆಗೆ ಮುಟ್ಟಬೇಕು. ಸ್ನಾನಕ್ಕೆ ಮುಂಚೆಯೇ ಸಿಕ್ಕು ಬಿಡಿಸಬೇಕು, ಏಕೆಂದರೆ ನೀರು ತಗಲಿದ ಗಂಟು ಮತ್ತಷ್ಟು ಬಿಗಿಯುತ್ತದೆ. ನಾಲ್ಕಾರು ವಾರಗಳಿಗೊಮ್ಮೆ ಕತ್ತರಿಸುವುದು ಅವಶ್ಯ; ಬಿಸಿಲೆಂದು ಚರ್ಮ ಕಾಣುವಂತೆ ಬೋಳಿಸಿದರೆ ಮೈ ಸುಡುತ್ತದೆ. ಜೋತ ಕಿವಿಯಲ್ಲಿ ತೇವ ನಿಂತರೆ ಸೋಂಕು ತಗಲುವುದರಿಂದ ಸ್ನಾನದ ನಂತರ ಕಿವಿಯನ್ನೂ ಮೈಯನ್ನೂ ಚೆನ್ನಾಗಿ ಒಣಗಿಸಬೇಕು.

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರಿನಿಂದಲೇ ಶಾಖವನ್ನು ಹೊರಹಾಕುತ್ತದೆ. ಅದರ ಸಹಜ ಉಷ್ಣಾಂಶ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಏಪ್ರಿಲ್-ಮೇ ತಿಂಗಳುಗಳಲ್ಲಿ ತಿರುಗಾಟ ಸೂರ್ಯೋದಯಕ್ಕೆ ಮುಂಚೆ ಅಥವಾ ಸಂಜೆ ತಂಪಾದ ಮೇಲೆ ಮಾತ್ರ. ಅತಿಯಾಗಿ ಏದುತ್ತ ತತ್ತರಿಸಿದರೆ ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತ, ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು.

ಕಪ್ಪತಗುಡ್ಡದ ಸೆರಗಿನಲ್ಲಿ ಹುಲ್ಲು ಒಣಗುವ ಕಾಲಕ್ಕೆ ಮುಳ್ಳುಬೀಜಗಳು ಈ ಕೂದಲಿನಲ್ಲಿ ಅಡಗಿ ಕಿವಿಗೂ ಬೆರಳ ಸಂದಿಗೂ ಇಳಿಯುತ್ತವೆ. ಉಣ್ಣಿಗಳು ಜ್ವರವನ್ನೂ ರಕ್ತಹೀನತೆಯನ್ನೂ ತರಬಲ್ಲವು. ದಟ್ಟ ಸುರುಳಿಯಲ್ಲಿ ಅವು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ಹೊರಗಿನಿಂದ ಬಂದೊಡನೆ ಬೆರಳಾಡಿಸಿ ಹುಡುಕಬೇಕು.

ಶಾಕಾಹಾರಿ ಮನೆಗಳಲ್ಲಿ ಏಳುವ ಪ್ರಶ್ನೆ ಆಹಾರದ್ದು. ಮನುಷ್ಯರ ಸಹವಾಸದಲ್ಲಿ ಸಹಸ್ರಾರು ವರ್ಷ ಬಾಳಿದ ನಾಯಿ, ತೋಳಕ್ಕಿಂತ ಚೆನ್ನಾಗಿ ಧಾನ್ಯದ ಪಿಷ್ಟವನ್ನು ಜೀರ್ಣಿಸಿಕೊಳ್ಳುತ್ತದೆ. ಆದರೆ ಬರಿಯ ಹಾಲು-ರೊಟ್ಟಿಯಿಂದ ಅದರ ಪೋಷಣೆಯಾಗದು. ಸಾಕಷ್ಟು ಪ್ರೋಟೀನು, ಖನಿಜ, ಜೀವಸತ್ವಗಳು ಬೇಕು. ಮಾಂಸವಿಲ್ಲದ ಆಹಾರ ಕೊಡಬಯಸುವವರು ಪಶುವೈದ್ಯರ ಸಲಹೆಯಂತೆ ಸಮತೋಲದ ಆಹಾರವನ್ನು ಗೊತ್ತುಮಾಡಿಕೊಳ್ಳಬೇಕು. ಗದಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇದೆ. ನಮ್ಮ ಹೊಲಗಳ ಹೆಮ್ಮೆಯಾದ ಉಳ್ಳಾಗಡ್ಡಿ ನಾಯಿಗೆ ವಿಷ. ಅದು ರಕ್ತದ ಕೆಂಪುಕಣಗಳನ್ನು ನಾಶಮಾಡುತ್ತದೆ. ಆದ್ದರಿಂದ ಒಗ್ಗರಣೆಯ ಪಲ್ಯವನ್ನೂ ಸಾರನ್ನೂ ಹಾಕಬಾರದು. ಬೆಳ್ಳುಳ್ಳಿ, ದ್ರಾಕ್ಷಿ, ಮಣೂಕ, ಚಾಕೊಲೇಟುಗಳೂ ವರ್ಜ್ಯ. ಪ್ರಸಾದದ ಮಣೂಕವನ್ನು ಪ್ರೀತಿಯಿಂದ ಎಸೆಯುವ ಮಕ್ಕಳಿಗೆ ಇದನ್ನು ತಾಯಂದಿರು ಮೊದಲೇ ತಿಳಿಹೇಳಬೇಕು.

ಹುಚ್ಚುನಾಯಿ ರೋಗದ ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಹಾಕಿಸಿ, ಮುಂದೆ ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಪುನಃ ಹಾಕಿಸಬೇಕು. ಯಾವುದೇ ನಾಯಿ ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು-ನೀರಿನಿಂದ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಇನ್ನೊಂದು ಮಾತು. ನೀರು ಕಂಡರೆ ಹಾರುವುದು, ಹಕ್ಕಿ ಕಂಡರೆ ಓಡುವುದು ಈ ತಳಿಯ ರಕ್ತಗುಣ. ಶಿರಹಟ್ಟಿ-ಲಕ್ಷ್ಮೇಶ್ವರ ಸೀಮೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆತಿದೆ. ನಾವು ಸಾಕಿದ ಜೀವಿಯ ಆಟ ಆ ಅತಿಥಿಗಳಿಗೆ ಸಂಕಟವಾಗಬಾರದು. ಅಲ್ಲಿಗೆ ನಾಯಿಯನ್ನು ಒಯ್ಯದಿರುವುದೇ ಲೇಸು.

ಪೂಡಲ್ ಹನ್ನೆರಡರಿಂದ ಹದಿನೈದು ವರ್ಷ ಬದುಕಬಲ್ಲದು. ಇಂದು ಎತ್ತಿ ಆಡಿಸುವ ಮಗು ಕಾಲೇಜು ಸೇರುವಾಗಲೂ ಅದಕ್ಕೆ ನಿತ್ಯ ಹಣಿಗೆ ಬೇಕು. ಬೇಸರವಾಯಿತೆಂದು ಬೀದಿಗೆ ಬಿಟ್ಟರೆ, ಗಂಟುಗಟ್ಟಿದ ಆ ಕೂದಲೇ ಅದಕ್ಕೆ ಸಂಕೋಲೆಯಾಗುತ್ತದೆ. ಕಾರಣವಿಲ್ಲದೆ ಹಾಗೆ ತೊರೆಯುವುದು 1960ರ ಪ್ರಾಣಿಹಿಂಸಾ ತಡೆ ಕಾಯ್ದೆಯಂತೆ ಅಪರಾಧವೂ ಹೌದು. ದಿನಕ್ಕೆ ಅರ್ಧ ತಾಸನ್ನು ಕಾಯಕವೆಂದು ಎತ್ತಿಡಬಲ್ಲ ಮನೆಯವರು ಈ ಜೀವವನ್ನು ತರಲಿ. ಅಷ್ಟು ಬಿಡುವಿಲ್ಲದವರು ಗಿಡ್ಡ ಕೂದಲಿನ ನಾಡನಾಯಿಯ ಮರಿಯೊಂದಕ್ಕೆ ಆಶ್ರಯವೀಯಲಿ. ಅದರ ಅಕ್ಕರೆ ಯಾವ ತಳಿಗೂ ಕಡಿಮೆಯದಲ್ಲ.