ನಿಮಗಿದು ಗೊತ್ತೇ? ಹೊಸ ಕಾರಿನ ವಾರಂಟಿ

ಹೊಸ ಕಾರು ಕೊಳ್ಳುವಾಗ ಮೈಲೇಜು, ಬಣ್ಣ, ಇಎಂಐ ಎಲ್ಲವನ್ನೂ ವಿಚಾರಿಸುತ್ತೇವೆ. ವಾರಂಟಿ ಪುಸ್ತಕ ಮಾತ್ರ ನೆನಪಾಗುವುದು ಕಾರು ಕೈಕೊಟ್ಟ ಮೇಲೆಯೇ. ಮೊದಲೇ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

● ‘3 ವರ್ಷ ಅಥವಾ 1 ಲಕ್ಷ ಕಿ.ಮೀ.’ ಎಂದಿದ್ದರೆ, ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ವರ್ಷಕ್ಕೆ 50,000 ಕಿ.ಮೀ. ಓಡಿಸುವವರಿಗೆ ಸಿಗುವುದು ಎರಡೇ ವರ್ಷ.

● ಮಾರುತಿ ಸುಜುಕಿ ಮೊದಲು 2 ವರ್ಷ ಅಥವಾ 40,000 ಕಿ.ಮೀ. ವಾರಂಟಿ ಕೊಡುತ್ತಿತ್ತು. 2024ರ ಜುಲೈನಲ್ಲಿ ಅದನ್ನು 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು.

● ವಾರಂಟಿ ಇರುವುದು ತಯಾರಿಕೆಯ ದೋಷಕ್ಕೆ. ಬ್ರೇಕ್ ಪ್ಯಾಡ್, ವೈಪರ್ ಬ್ಲೇಡ್, ಫಿಲ್ಟರ್‌ಗಳಂತಹ ಸವೆಯುವ ಭಾಗಗಳು ಸಾಮಾನ್ಯವಾಗಿ ಇದರೊಳಗೆ ಬರುವುದಿಲ್ಲ.

● ಟೈರಿನ ವಾರಂಟಿ ಬಹುತೇಕ ಟೈರ್ ಕಂಪನಿಯದೇ, ಕಾರು ಕಂಪನಿಯದಲ್ಲ.

● ಮಳೆಗಾಲದಲ್ಲಿ ಎಂಜಿನ್ನಿಗೆ ನೀರು ನುಗ್ಗಿದರೆ, ಇಲಿ ವೈರು ಕಡಿದರೆ ವಾರಂಟಿ ನೆರವಿಗೆ ಬಾರದು. ಅಲ್ಲಿ ನೆಚ್ಚಿಕೊಳ್ಳಬೇಕಾದದ್ದು ವಿಮೆಯನ್ನು. ನೀರು ಹೊಕ್ಕು ಕೆಟ್ಟ ಎಂಜಿನ್ನಿಗೆ ಪರಿಹಾರ ಬೇಕಿದ್ದರೆ ‘ಎಂಜಿನ್ ಪ್ರೊಟೆಕ್ಷನ್’ ಆಡ್-ಆನ್ ಮೊದಲೇ ಮಾಡಿಸಿರಬೇಕು.

● ವಾರಂಟಿಯಲ್ಲಿ ಬದಲಿಸಿಕೊಟ್ಟ ಭಾಗಕ್ಕೆ ಸಾಮಾನ್ಯವಾಗಿ ಹೊಸ ಅವಧಿ ಶುರುವಾಗುವುದಿಲ್ಲ. ಕಾರಿನ ವಾರಂಟಿಯಲ್ಲಿ ಉಳಿದಷ್ಟೇ ದಿನ ಅದಕ್ಕೂ.

● ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದರೆ, ವೈರಿಂಗ್ ಕತ್ತರಿಸಿ ಲೈಟು, ಹಾರ್ನ್ ಜೋಡಿಸಿದರೆ, ಅದರಿಂದಾದ ದೋಷಕ್ಕೆ ಕಂಪನಿ ಹೊಣೆಯಲ್ಲ. ಸರ್ವಿಸ್ ತಪ್ಪಿಸಿದರೂ ಕ್ಲೇಮ್ ತಿರಸ್ಕೃತವಾಗಬಹುದು, ಬಿಲ್ಲುಗಳನ್ನೆಲ್ಲ ಜೋಪಾನವಾಗಿಡಿ.

● ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ಬೇರೆಯೇ ವಾರಂಟಿ ಉಂಟು. ಹಲವು ಕಂಪನಿಗಳು 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಕೊಡುತ್ತವೆ. ಮಹೀಂದ್ರಾ ತನ್ನ ಬಿಇ 6 ಕಾರಿನ ಬ್ಯಾಟರಿಗೆ ‘ಲೈಫ್‌ಟೈಮ್’ ವಾರಂಟಿ ಘೋಷಿಸಿದ್ದು ಸ್ವಂತ ಬಳಕೆಯ ಮೊದಲ ಮಾಲೀಕರಿಗೆ ಮಾತ್ರ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಗಮನಿಸಬೇಕು.

● ದೋಷಪೂರಿತ ವಾಹನಗಳನ್ನು ವಾಪಸ್ ಕರೆಸುವಂತೆ ಕಂಪನಿಗೆ ಆದೇಶಿಸುವ ಅಧಿಕಾರವನ್ನು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ.

● ನ್ಯಾಯವಾದ ಕ್ಲೇಮ್ ನಿರಾಕರಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ವ್ಯಾಜ್ಯ ಹುಟ್ಟಿದ 2 ವರ್ಷದೊಳಗೆ ಕೊಡಬೇಕು, ಅಷ್ಟೇ.

ಶೋರೂಮಿನವರ ಬಾಯಿಮಾತನ್ನು ನಂಬಿ ಕೂರಬೇಡಿ. ಮುಂಗಡ ಕಟ್ಟುವ ಮೊದಲೇ ವಾರಂಟಿಯ ಷರತ್ತುಗಳನ್ನು ಕೇಳಿ ಪಡೆದು, ಪೂರ್ತಿ ಓದಿ.