ಹಳೆಯ ಸರ್ವೊ ಮೋಟಾರಿಗೆ ಒಪ್ಪುವ ಡ್ರೈವು

ಅಂಕಿಗಳ ಮೂಲಕ ನಿಯಂತ್ರಿತವಾದ ಮಿಲ್ಲಿಂಗ್ ಯಂತ್ರವೊಂದನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ೧೯೫೨ರಲ್ಲಿ ಪ್ರದರ್ಶಿಸಿದಾಗ ಅದರ ನಿಯಂತ್ರಕದಲ್ಲಿ ನೂರಾರು ನಿರ್ವಾತ ನಳಿಗೆಗಳಿದ್ದವು. ಈಗ ಅದೇ ಕಾರ್ಯವನ್ನು ಮೇಜಿನ ಮೇಲಿನ ಗಣಕವೊಂದು ಮಾಡಬಲ್ಲುದು. ಕಾಲೇಜಿನ ಕಾರ್ಯಾಗಾರದಲ್ಲಿಯೂ ಮನೆಯ ಹಿತ್ತಿಲ ಕೊಠಡಿಯಲ್ಲಿಯೂ ಸಿ.ಎನ್.ಸಿ. ಯಂತ್ರಗಳನ್ನು ತಾವೇ ಕಟ್ಟುವ ಆಸಕ್ತರಿದ್ದಾರೆ. ಇವರ ವೆಚ್ಚದಲ್ಲಿ ದೊಡ್ಡ ಪಾಲು ಅಕ್ಷಗಳನ್ನು ನಡೆಸುವ ಸರ್ವೊ ಮೋಟಾರುಗಳಿಗೂ ಅವುಗಳಿಗೆ ವಿದ್ಯುತ್ತನ್ನು ಅಳೆದು ಕೊಡುವ ಡ್ರೈವುಗಳಿಗೂ ಸಲ್ಲುತ್ತದೆ. ಕಾರ್ಖಾನೆಗಳು ಕಳಚಿ ಹಾಕಿದ ಯಂತ್ರಗಳ ಮೋಟಾರುಗಳು ಗುಜರಿ ಅಂಗಡಿಗಳಲ್ಲಿ ಸುಲಭ ಬೆಲೆಗೆ ದೊರೆಯುವುದರಿಂದ ವಿದ್ಯಾರ್ಥಿಗಳು ಅವನ್ನು ಕೊಂಡು ತರುವುದು ಸಹಜವೇ ಆಗಿದೆ. ಆದರೆ ಮೋಟಾರಿನೊಡನೆ ಅದರ ಡ್ರೈವೂ ಕೈಸೇರುವುದು ಅಪರೂಪ. ಒಂಟಿಯಾಗಿ ಬಂದ ಮೋಟಾರಿಗೆ ಬೇರೊಂದು ಡ್ರೈವನ್ನು ಆರಿಸುವುದು ಹೇಗೆಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಸಾಮಾನ್ಯವಾಗಿ ಎಲ್ಲರೂ ಮೊದಲು ನೋಡುವುದು ಹೆಸರುಫಲಕದ ಮೇಲಿನ ವಾಟುಗಳನ್ನು. ೭೫೦ ವಾಟಿನ ಮೋಟಾರಿಗೆ ೭೫೦ ವಾಟಿನ ಯಾವ ಡ್ರೈವಾದರೂ ಆದೀತೆಂಬುದು ಅವರ ಎಣಿಕೆ. ಈ ಮೋಟಾರು ತಿರುಗುವ ಬಗೆಯನ್ನು ತಿಳಿದರೆ ಆ ಎಣಿಕೆ ಸಾಲದೆಂಬುದು ಸ್ಪಷ್ಟವಾಗುತ್ತದೆ. ಬ್ರಷ್ಷುಳ್ಳ ಮೋಟಾರಿನಲ್ಲಿ ಯಾವ ಸುರುಳಿಗೆ ಯಾವಾಗ ಪ್ರವಾಹ ಹರಿಯಬೇಕೆಂಬುದನ್ನು ಕಮ್ಯುಟೇಟರೇ ನಿರ್ಧರಿಸುತ್ತದೆ. ಎರಡು ತಂತಿಗಳನ್ನು ಬ್ಯಾಟರಿಗೆ ಜೋಡಿಸಿದರೆ ಸಾಕು, ಅದು ತಿರುಗುತ್ತದೆ. ಬ್ರಷ್ಷಿಲ್ಲದ ಮೋಟಾರಿನಲ್ಲಿ ಶಾಶ್ವತ ಅಯಸ್ಕಾಂತಗಳು ರೋಟರಿನಲ್ಲಿಯೂ ಮೂರು ಫೇಸುಗಳ ಸುರುಳಿಗಳು ಸ್ಟೇಟರಿನಲ್ಲಿಯೂ ಇವೆ. ಕಮ್ಯುಟೇಟರಿನ ಕಾರ್ಯವನ್ನು ಇಲ್ಲಿ ಡ್ರೈವು ವಹಿಸಿಕೊಳ್ಳಬೇಕು. ಅದಕ್ಕಾಗಿ ರೋಟರು ಈ ಕ್ಷಣದಲ್ಲಿ ಯಾವ ಕೋನದಲ್ಲಿದೆಯೆಂಬುದು ಡ್ರೈವಿಗೆ ಗೊತ್ತಿರಲೇಬೇಕು. ಆ ವಾರ್ತೆಯನ್ನು ತರತಕ್ಕದ್ದು ಮೋಟಾರಿನ ಬೆನ್ನಿಗಿರುವ ಎನ್‌ಕೋಡರು. ಆದಕಾರಣ ಮೋಟಾರಿಗೂ ಡ್ರೈವಿಗೂ ಹೊಂದಿಕೆಯುಂಟೇ ಎಂಬ ಪ್ರಶ್ನೆಯು ಬಹುಮಟ್ಟಿಗೆ, ಎನ್‌ಕೋಡರಿನ ಭಾಷೆ ಡ್ರೈವಿಗೆ ತಿಳಿಯುವುದೇ ಎಂಬ ಪ್ರಶ್ನೆಯೇ ಆಗಿದೆ.

ಕೋನವನ್ನು ತಪ್ಪಾಗಿ ಓದಿದರೆ ಏನಾಗುವುದೆಂಬುದನ್ನು ಗಣಿತದಿಂದಲೇ ಕಾಣಬಹುದು. ನಾಲ್ಕು ಧ್ರುವಯುಗ್ಮಗಳ ಮೋಟಾರಿನಲ್ಲಿ ರೋಟರು ೯೦ ಡಿಗ್ರಿ ತಿರುಗಿದರೆ ವಿದ್ಯುತ್ತಿನ ಒಂದು ಆವರ್ತ, ಎಂದರೆ ೩೬೦ ವಿದ್ಯುತ್-ಡಿಗ್ರಿಗಳು, ಪೂರ್ಣವಾಗುತ್ತವೆ. ದೊರೆಯುವ ಟಾರ್ಕು ದೋಷಕೋನದ ಕೊಸೈನಿಗೆ ಅನುಪಾತದಲ್ಲಿರುತ್ತದೆ. ಎನ್‌ಕೋಡರು ತನ್ನ ಸ್ಥಾನದಿಂದ ಕೇವಲ ೧೫ ಡಿಗ್ರಿ ಜಾರಿದ್ದರೆ ದೋಷವು ೬೦ ವಿದ್ಯುತ್-ಡಿಗ್ರಿಯಾಗಿ, ಅಷ್ಟೇ ಪ್ರವಾಹಕ್ಕೆ ಅರ್ಧ ಟಾರ್ಕು ಮಾತ್ರ ಸಿಕ್ಕುತ್ತದೆ. ಸುರುಳಿ ಮಾತ್ರ ಪೂರ್ತಿ ಕಾಯುತ್ತದೆ. ದೋಷವು ೯೦ ವಿದ್ಯುತ್-ಡಿಗ್ರಿಯಾದರೆ ಟಾರ್ಕು ಸೊನ್ನೆ. ಅದನ್ನೂ ದಾಟಿದರೆ ಟಾರ್ಕಿನ ದಿಕ್ಕೇ ತಿರುಗಿಬಿಡುತ್ತದೆ: ನಿಯಂತ್ರಕವು ಬಲಕ್ಕೆ ನೂಕಿದಂತೆಲ್ಲ ಮೇಜು ಎಡಕ್ಕೆ ಸರಿಯುತ್ತದೆ, ಅಂತರ ಬೆಳೆಯುತ್ತದೆ, ಅಂತರ ಬೆಳೆದಂತೆ ನಿಯಂತ್ರಕವು ಇನ್ನೂ ಬಲವಾಗಿ ನೂಕುತ್ತದೆ, ಮೇಜು ಪೂರ್ಣ ವೇಗದಿಂದ ತುದಿಗೆ ಹೋಗಿ ಅಪ್ಪಳಿಸುತ್ತದೆ. ಎನ್‌ಕೋಡರನ್ನು ಕುತೂಹಲಕ್ಕಾಗಿ ಬಿಚ್ಚಿ ನೋಡಬಾರದೆಂದು ಹಿರಿಯ ಕೆಲಸಗಾರರು ಎಚ್ಚರಿಸುವುದು ಈ ಕಾರಣದಿಂದಲೇ.

ಎನ್‌ಕೋಡರುಗಳಲ್ಲಿ ಹಲವು ಜಾತಿಗಳಿವೆ. ಅತ್ಯಂತ ಸರಳವಾದುದು ಎ, ಬಿ ಎಂಬ ಎರಡು ಸ್ಪಂದಮಾಲೆಗಳನ್ನೂ ಸುತ್ತಿಗೊಂದು ಗುರುತನ್ನೂ ಕೊಡತಕ್ಕದ್ದು. ಅದು ಚಲನೆಯನ್ನು ಎಣಿಸುತ್ತದೆಯೇ ಹೊರತು, ವಿದ್ಯುತ್ತು ಬಂದೊಡನೆ ರೋಟರು ಎಲ್ಲಿದೆಯೆಂದು ಹೇಳಲಾರದು. ಈ ಕೊರತೆಯನ್ನು ತುಂಬಲು ಮೂರು ಹಾಲ್ ಸಂಜ್ಞೆಗಳನ್ನು ಸೇರಿಸುವುದುಂಟು. ಇವು ಪ್ರತಿ ಆವರ್ತವನ್ನು ೬೦ ಡಿಗ್ರಿಯ ಆರು ಭಾಗಗಳಾಗಿ ವಿಂಗಡಿಸುತ್ತವೆ. ಇಂಥ ಮೋಟಾರು ಸಿಕ್ಕಿದರೆ ಅದೃಷ್ಟವೆನ್ನಬೇಕು. ಯಾವ ಸಾಮಾನ್ಯ ಡ್ರೈವಿಗೂ ಅದು ಒಪ್ಪುತ್ತದೆ. ಜಪಾನಿನ ಫ್ಯಾನುಕ್ ಸಂಸ್ಥೆಯ ಹಳೆಯ ‘ರೆಡ್ ಕ್ಯಾಪ್’ ಮೋಟಾರುಗಳಲ್ಲಿ ಹಾಲ್ ಸಂಜ್ಞೆಗಳಿಗೆ ಬದಲಾಗಿ ನಾಲ್ಕು ಬಿಟ್ಟಿನ ಗ್ರೇ ಸಂಕೇತವಿದೆ. ಸಾಮಾನ್ಯ ಡ್ರೈವಿಗೆ ಇದು ಅರ್ಥವಾಗದು. ಆದರೆ ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರವಿಜ್ಞಾನ ಸಂಸ್ಥೆಯಲ್ಲಿ ೧೯೯೦ರ ದಶಕದಲ್ಲಿ ಬೆಳೆದ ನಿಯಂತ್ರಕದಿಂದ ಹುಟ್ಟಿದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಲಿನಕ್ಸ್ ಸಿ.ಎನ್.ಸಿ. ತಂತ್ರಾಂಶದಲ್ಲಿ ಈ ಸಂಕೇತವನ್ನು ಓದುವ ಅಂಗವೊಂದಿದೆ. ರಿಸಾಲ್ವರ್ ಎಂಬುದು ಸುರುಳಿಗಳಿಂದಲೇ ಆದ ಮತ್ತೊಂದು ಜಾತಿ. ಶಾಖಕ್ಕೂ ಎಣ್ಣೆಗೂ ಅಂಜದು, ಆದರೆ ಅದನ್ನು ಓದಬಲ್ಲ ಡ್ರೈವನ್ನೇ ಹುಡುಕಬೇಕು. ಇತ್ತೀಚಿನ ಮೋಟಾರುಗಳಲ್ಲಿ ಬಹುಪಾಲು ಎರಡೋ ನಾಲ್ಕೋ ತಂತಿಗಳಲ್ಲಿ ಸಂದೇಶ ಕಳುಹಿಸುವ ಸೀರಿಯಲ್ ಎನ್‌ಕೋಡರು ಇರುತ್ತದೆ. ಬಿಸ್ ಎಂಬ ಬಹಿರಂಗ ಪದ್ಧತಿಯನ್ನು ಬಿಟ್ಟರೆ, ಇವುಗಳಲ್ಲಿ ಅನೇಕವು ಆಯಾ ತಯಾರಕರ ಸ್ವಂತ ಭಾಷೆಯನ್ನಾಡುತ್ತವೆ. ಇಂಥದನ್ನು ಅದೇ ಸಂಸ್ಥೆಯ ಡ್ರೈವಿನೊಡನೆ ಜೋಡಿಯಾಗಿ ಕೊಳ್ಳುವುದೇ ಮೇಲು. ಜೋಡಿಗೆ ಅಂಗಡಿಯವನು ಹೆಚ್ಚು ಬೆಲೆ ಹೇಳಿದರೆ ಅದು ಅನ್ಯಾಯವೆಂದು ನಮಗೆ ತೋರುವುದಿಲ್ಲ. ಜೋಡಿ ಸಿಕ್ಕದಿದ್ದರೆ ಹಳೆಯ ಎನ್‌ಕೋಡರನ್ನು ತೆಗೆದು ಸರಳವಾದುದನ್ನು ಕೂಡಿಸಬಹುದು. ಆಗ ಕೋನದ ಹೊಂದಾಣಿಕೆಯನ್ನು ಹೊಸದಾಗಿ ಮಾಡಬೇಕಾಗುತ್ತದೆ.

ಇನ್ನು ವೋಲ್ಟೇಜಿನ ವಿಚಾರ. ಹೆಸರುಫಲಕ ಅಳಿಸಿಹೋಗಿದ್ದರೂ ಚಿಂತೆಯಿಲ್ಲ, ಮೋಟಾರೇ ತನ್ನ ಗುಣವನ್ನು ಹೇಳುತ್ತದೆ. ಅದರ ದಂಡವನ್ನು ಲೇತಿನ ಚಕ್ಕಿನಲ್ಲಿ ಹಿಡಿದು, ಮೈಯನ್ನು ಭದ್ರವಾಗಿ ತಡೆದು, ನಿಮಿಷಕ್ಕೆ ೫೦೦ ಸುತ್ತುಗಳಂತೆ ತಿರುಗಿಸಿ, ಯಾವುವಾದರೂ ಎರಡು ಫೇಸುಗಳ ನಡುವಣ ಎ.ಸಿ. ವೋಲ್ಟೇಜನ್ನು ಅಳೆಯಬೇಕು. ೧೫ ವೋಲ್ಟು ಬಂದಿತೆನ್ನೋಣ. ಎಂದರೆ ಸಾವಿರ ಸುತ್ತಿಗೆ ೩೦ ವೋಲ್ಟು. ೩೦೦೦ ಸುತ್ತಿಗೆ ೯೦ ವೋಲ್ಟು, ಅದರ ಶಿಖರ ೧೨೭ ವೋಲ್ಟು. ಮೋಟಾರು ಆ ವೇಗದಲ್ಲಿ ದುಡಿಯಬೇಕಾದರೆ ಡ್ರೈವಿನ ಡಿ.ಸಿ. ವೋಲ್ಟೇಜು ಇದಕ್ಕಿಂತ ಸಾಕಷ್ಟು ಹೆಚ್ಚಾಗಿರಬೇಕು. ನಮ್ಮ ಮನೆಗಳ ೨೩೦ ವೋಲ್ಟನ್ನು ನೇರವಾಗಿ ಏಕಮುಖಗೊಳಿಸಿದರೆ ಸುಮಾರು ೩೨೫ ವೋಲ್ಟಾಗುತ್ತದೆ; ಅದು ಬೇಕಾದುದಕ್ಕಿಂತ ಹೆಚ್ಚೇ. ಇದಕ್ಕೆ ಪ್ರತಿಯಾಗಿ ೪೮ ವೋಲ್ಟಿನ ಅಗ್ಗದ ಡ್ರೈವನ್ನು ಜೋಡಿಸಿದರೆ ಮೋಟಾರು ೧,೧೦೦ ಸುತ್ತುಗಳ ಸಮೀಪಕ್ಕೆ ಬಂದು ನಿಲ್ಲುತ್ತದೆ, ಭಾರವಿದ್ದಾಗ ಇನ್ನೂ ಕಡಿಮೆ. ಇದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಟಾರ್ಕು ಪ್ರವಾಹವನ್ನು ಅನುಸರಿಸುತ್ತದೆಯಾದುದರಿಂದ ಕಡಿಮೆ ವೇಗದಲ್ಲಿ ಅದಕ್ಕೆ ಕೊರತೆಯಿಲ್ಲ. ೯೦೦ ಸುತ್ತಿಗೆ ೫ ಮಿಲಿಮೀಟರ್ ಅಂತರದ ಬಾಲ್ ಸ್ಕ್ರೂ ಮೇಜನ್ನು ನಿಮಿಷಕ್ಕೆ ನಾಲ್ಕೂವರೆ ಮೀಟರು ಒಯ್ಯುತ್ತದೆ. ಆಸಕ್ತನ ಯಂತ್ರಕ್ಕೆ ಇದು ಧಾರಾಳವಾಗಿ ಸಾಕು, ಪ್ರಾಣಕ್ಕೂ ಅಪಾಯ ಕಡಿಮೆ. ವಿದ್ಯಾರ್ಥಿಗಳ ಕೈಗೆ ೩೨೫ ವೋಲ್ಟಿನ ಡ್ರೈವನ್ನು ಕೊಡುವುದಕ್ಕೆ ಮೊದಲು ಅಧ್ಯಾಪಕರು ಎರಡು ಬಾರಿ ಯೋಚಿಸಬೇಕೆಂಬುದು ನಮ್ಮ ಅಭಿಪ್ರಾಯ. ವಿದ್ಯುತ್ತನ್ನು ಕಡಿದ ಮೇಲೆಯೂ ಅದರ ಕೆಪ್ಯಾಸಿಟರುಗಳಲ್ಲಿ ಮಾರಕವಾದ ಆವೇಶ ಕೆಲಕಾಲ ಉಳಿದಿರುತ್ತದೆ.

ಅದೇ ಅಳತೆಯಿಂದ ಪ್ರವಾಹವೂ ತಿಳಿಯುತ್ತದೆ. ಸಾವಿರ ಸುತ್ತಿನ ವೋಲ್ಟೇಜನ್ನು ೦.೦೧೬೫ರಿಂದ ಗುಣಿಸಿದರೆ ಒಂದು ಆಂಪಿಯರಿಗೆ ಎಷ್ಟು ನ್ಯೂಟನ್-ಮೀಟರು ಟಾರ್ಕೆಂಬುದು ಬರುತ್ತದೆ. ಮೇಲಿನ ಮೋಟಾರಿಗೆ ಅದು ಸುಮಾರು ಅರ್ಧ. ಎರಡು ನ್ಯೂಟನ್-ಮೀಟರು ಬೇಕಾದರೆ ನಾಲ್ಕು ಆಂಪಿಯರು. ಆದರೆ ಇದು ಪರಿಣಾಮಿ ಮೌಲ್ಯ. ಇದರ ಶಿಖರ ೫.೭ ಆಂಪಿಯರು. ಡ್ರೈವಿನ ಮೇಲೆ ಬರೆದ ೫ ಆಂಪಿಯರು ಶಿಖರವೋ ಪರಿಣಾಮಿಯೋ ಎಂದು ವಿಚಾರಿಸದೆ ಕೊಂಡವರು ನಿರಾಶರಾಗುತ್ತಾರೆ.

ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆ ಸುಲಭವಾದುದು. ಮೂರು ಫೇಸು ತಂತಿಗಳನ್ನು ಒಂದಕ್ಕೊಂದು ತಾಗಿಸಿ ದಂಡವನ್ನು ಕೈಯಿಂದ ತಿರುಗಿಸಿದಾಗ ಜೇನಿನಲ್ಲಿ ಸೌಟಾಡಿಸಿದಂತೆ ಬಿಗಿ ತೋರಬೇಕು. ಬಿಡಿಸಿದಾಗ ಆ ಬಿಗಿ ಮಾಯವಾಗಬೇಕು. ತಂತಿಗಳನ್ನು ಬಿಡಿಸಿದರೂ ದಂಡ ಕದಲದಿದ್ದರೆ ಬೇರಿಂಗು ಕಚ್ಚಿದೆಯೆಂದು ತಳ್ಳಿಹಾಕಕೂಡದು. ಒಳಗೆ ಬ್ರೇಕು ಇದ್ದೀತು. ವಿದ್ಯುತ್ತಿಲ್ಲದಾಗ ಹಿಡಿಯುವುದೇ ಅದರ ಧರ್ಮ, ಸಾಮಾನ್ಯವಾಗಿ ೨೪ ವೋಲ್ಟು ಡಿ.ಸಿ. ಕೊಟ್ಟರೆ ಬಿಡುತ್ತದೆ. ತಂತಿಗಳ ಬಣ್ಣವನ್ನು ಮಾತ್ರ ನಂಬಬಾರದು. ಎನ್‌ಕೋಡರಿಗೆ ೫ ವೋಲ್ಟನ್ನು ತಿರುವುಮುರುವಾಗಿ ಕೊಟ್ಟರೆ ಮೋಟಾರಿನ ಅತ್ಯಂತ ಬೆಲೆಯುಳ್ಳ ಭಾಗವೇ ಸುಟ್ಟುಹೋಗುತ್ತದೆ.

ಮೊದಲ ಚಾಲನೆಯನ್ನು ಯಂತ್ರದಿಂದ ಹೊರಗೆ, ಮೇಜಿಗೆ ಬಿಗಿದ ಮೋಟಾರಿನಲ್ಲಿ, ಪ್ರವಾಹವನ್ನು ಹತ್ತನೆಯ ಒಂದು ಪಾಲಿಗೆ ಮಿತಿಗೊಳಿಸಿ ನಡೆಸತಕ್ಕದ್ದು. ಎರಡು ಫೇಸುಗಳಲ್ಲಿ ಅಲ್ಪ ಡಿ.ಸಿ. ಪ್ರವಾಹ ಹರಿಸಿದರೆ ರೋಟರು ಒಂದು ಕಡೆ ಹೋಗಿ ನಿಲ್ಲುತ್ತದೆ. ಒಂದು ಸುತ್ತಿನಲ್ಲಿ ಅಂಥ ನಿಲುಗಡೆಗಳೆಷ್ಟೋ ಧ್ರುವಯುಗ್ಮಗಳೂ ಅಷ್ಟೇ. ಹಾಗೆ ನಿಂತಾಗ ಎನ್‌ಕೋಡರು ತೋರುವ ಅಂಕಿಯಿಂದ ಕೋನದ ತಿದ್ದುಪಡಿಯನ್ನು ಡ್ರೈವಿಗೆ ತಿಳಿಸಬಹುದು. ಮೋಟಾರು ತುಸು ತಿರುಗಿ ನಿಂತು ಗುಂಯ್ಗುಡುತ್ತಿದ್ದರೆ, ಫೇಸುಗಳ ಕ್ರಮವೂ ಎನ್‌ಕೋಡರಿನ ಎಣಿಕೆಯೂ ಎದುರುಬದುರಾಗಿರುವುದು ಸಂಭವ. ಎರಡು ಫೇಸು ತಂತಿಗಳನ್ನು ಅದಲುಬದಲು ಮಾಡಿ, ತಿದ್ದುಪಡಿಯನ್ನು ಮತ್ತೆ ಅಳೆಯಬೇಕು. ಹಾಲ್ ಸಂಜ್ಞೆಗಳಿಲ್ಲದ ಸರಳ ಎನ್‌ಕೋಡರಾದರೆ ಡ್ರೈವು ಈ ಹುಡುಕಾಟವನ್ನು ಪ್ರತಿಸಲ ವಿದ್ಯುತ್ತು ಬಂದಾಗಲೂ ನಡೆಸುತ್ತದೆ, ಆಗ ರೋಟರು ಸ್ವಲ್ಪ ಅಲುಗಲೇಬೇಕು. ಅಡ್ಡವಾದ ಅಕ್ಷಕ್ಕೆ ಇದರಿಂದ ತೊಂದರೆಯಿಲ್ಲ. ಲಂಬವಾದ ಅಕ್ಷದಲ್ಲಿ ಸ್ಪಿಂಡಲಿನ ಭಾರವೆಲ್ಲ ಆ ಕ್ಷಣದಲ್ಲಿ ಆಧಾರವಿಲ್ಲದೆ ಕೆಳಗೆ, ಕೆಲಸಗಾರನ ಕೈಯ ಮೇಲೆ, ಬೀಳಬಹುದು. ಆದುದರಿಂದ ಅಲ್ಲಿಗೆ ಪೂರ್ಣಕೋನವನ್ನು ಮೊದಲೇ ತಿಳಿಸುವ ಎನ್‌ಕೋಡರನ್ನೇ ಆರಿಸಿ, ಡ್ರೈವು ಪ್ರವಾಹವನ್ನು ಸ್ಥಾಪಿಸಿದ ಅನಂತರವೇ ಬ್ರೇಕು ಬಿಡುವಂತೆ ತಂತಿಗಳನ್ನು ಜೋಡಿಸಬೇಕು.