ಓಮದ ಕಾಳು: ಉಪಯೋಗ ಮತ್ತು ಎಚ್ಚರಿಕೆ

ಚಕ್ಕುಲಿ, ಕೋಡುಬಳೆಗಳ ಹಿಟ್ಟಿಗೆ ಒಂದು ಚಿಟಿಕೆ ಓಮ ಬೀಳದ ಮನೆ ನಮ್ಮಲ್ಲಿ ವಿರಳ. ಉತ್ತರದ ಜಿಲ್ಲೆಗಳಲ್ಲಿ ಅಜವಾನ ಎಂದೇ ಹೆಚ್ಚಾಗಿ ಕರೆಯಲ್ಪಡುವ ಈ ಸಾಂಬಾರ ಪದಾರ್ಥ ಕೊತ್ತಂಬರಿ, ಜೀರಿಗೆ, ಸಬ್ಬಸಿಗೆಗಳ ಕುಟುಂಬಕ್ಕೆ ಸೇರಿದ್ದು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಟ್ರಾಕಿಸ್ಪರ್ಮಮ್ ಅಮ್ಮಿ. ನಾವು ಕಾಳು ಎನ್ನುವುದು ವಾಸ್ತವವಾಗಿ ಗಿಡದ ಒಣಗಿದ ಕಾಯಿ. ಅದರ ಮೈಮೇಲೆ ಕಾಣುವ ಏಣುಗಳ ನಡುವೆ ಸೂಕ್ಷ್ಮ ನಾಳಗಳಿದ್ದು, ಅವುಗಳಲ್ಲಿ ಸುಗಂಧ ತೈಲ ತುಂಬಿರುತ್ತದೆ. ಓಮದ ಬೆಲೆಯೆಲ್ಲ ಈ ತೈಲದಲ್ಲಿದೆ.

ಒಳ್ಳೆಯ ಕಾಳಿನಲ್ಲಿ ತೂಕದ ನೂರಕ್ಕೆ 2ರಿಂದ 4 ಭಾಗ ತೈಲವಿರುತ್ತದೆ. ಈ ತೈಲದ ಸುಮಾರು ಅರ್ಧ ಭಾಗ ಥೈಮಾಲ್ ಎಂಬ ವಸ್ತು. ಯುರೋಪಿನವರು ಮಾಂಸದ ಅಡಿಗೆಗೂ ಕೆಮ್ಮಿನ ಔಷಧಿಗೂ ಬಳಸುವ ಥೈಮ್ ಎಂಬ ಕುರುಚಲು ಗಿಡದಿಂದ 1719ರಲ್ಲಿ ಜರ್ಮನಿಯ ಕಾಸ್ಪರ್ ನ್ಯೂಮನ್ ಇದನ್ನು ಬೇರ್ಪಡಿಸಿದ. ಮುಂದೆ ಆ ಗಿಡದ ಹೆಸರೇ ವಸ್ತುವಿಗೂ ನಿಂತಿತು. ಥೈಮ್ ತುಳಸಿ, ಪುದೀನಗಳ ಕುಟುಂಬದ್ದು. ಓಮಕ್ಕೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಆದರೂ ವಾಸನೆ ಒಂದೇ ಬಗೆಯದು. ಹಿಮಾಲಯದ ತಪ್ಪಲಿನಲ್ಲಿ ತಾನಾಗಿ ಬೆಳೆಯುವ ಥೈಮ್ ಜಾತಿಯ ಗಿಡವನ್ನು ಅಲ್ಲಿಯ ಜನ 'ಬನ್ ಅಜ್ವಾಯನ್', ಎಂದರೆ ಕಾಡು ಅಜವಾನ, ಎಂದು ಕರೆಯುತ್ತಾರೆ. ನಮ್ಮ ಹಿತ್ತಿಲ ದೊಡ್ಡಪತ್ರೆಯ ಎಲೆಗೂ ಇದೇ ಘಾಟು ಬಂದಿರುವುದು ಥೈಮಾಲ್ ಮತ್ತು ಅದರ ಜೊತೆಗಾರ ಕಾರ್ವಕ್ರಾಲ್‌ಗಳಿಂದ. ಪಟ್ಟಣದ ಅಂಗಡಿಗಳಲ್ಲಿ ಈಗ ಸಣ್ಣ ಶೀಸೆಯಲ್ಲಿ ಒಣ ಥೈಮ್ ದುಬಾರಿ ಬೆಲೆಗೆ ಸಿಗುತ್ತದೆ. ಚಟ್ನಿ, ತಂಬುಳಿಗೆ ದೊಡ್ಡಪತ್ರೆ ಕಿತ್ತುಕೊಳ್ಳುವವರಿಗೆ ಅದರ ಕೊರತೆ ಕಾಣಲಾರದು.

ಅಡಿಗೆಯಲ್ಲಿ ಎರಡು ಸಂಗತಿಗಳನ್ನು ನೆನಪಿಡಬೇಕು. ಥೈಮಾಲ್ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ, ನೀರಿನಲ್ಲಿ ಲೀಟರಿಗೆ ಸುಮಾರು 1 ಗ್ರಾಂ ಮಾತ್ರ. ಎರಡನೆಯದಾಗಿ, ಅದು ಬಿಸಿಗೆ ಆವಿಯಾಗಿ ಹೋಗುತ್ತದೆ. ಆದ್ದರಿಂದ ಕಾಳನ್ನು ಹಿಟ್ಟಿಗೆ ಹಾಕುವ ಮೊದಲು ಅಂಗೈಯಲ್ಲಿ ಉಜ್ಜಿ, ಕಾಯಿಸಿದ ಎಣ್ಣೆಯೊಡನೆ ಸೇರಿಸಿ ಕಲಸುವ ನಮ್ಮ ಹೆಂಗಸರ ಪದ್ಧತಿ ಸರಿಯಾದದ್ದೇ. ಮೆಣಸಿನಕಾಯಿ ಬಜ್ಜಿಯ ಕಡಲೆಹಿಟ್ಟಿಗೂ ಹೀಗೆಯೇ. ಕಷಾಯ ಮಾಡುವಾಗ ಮಾತ್ರ ಅನೇಕರು ಪಾತ್ರೆಯನ್ನು ತೆರೆದಿಟ್ಟು ಬಹಳ ಹೊತ್ತು ಕುದಿಸುತ್ತಾರೆ. ಆಗ ಮನೆಯೆಲ್ಲ ಘಮಘಮ ಎನ್ನುವುದು ಸರಿ, ಲೋಟದಲ್ಲಿ ಉಳಿಯುವುದು ಬಣ್ಣದ ನೀರು! ಕುದಿಯುವ ನೀರಿಗೆ ಜಜ್ಜಿದ ಕಾಳು ಹಾಕಿ, ಒಲೆಯಿಂದ ಇಳಿಸಿ, ಹತ್ತು ನಿಮಿಷ ಮುಚ್ಚಿಡುವುದು ಮೇಲು. ಪುಡಿ ಮಾಡಿಟ್ಟ ಓಮ ಬೇಗ ಸತ್ವ ಕಳೆದುಕೊಳ್ಳುವುದರಿಂದ ಕಾಳನ್ನೇ ಕೊಂಡು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಲೆಯಿಂದ ದೂರ ಇಡಬೇಕು.

ಅಜೀರ್ಣ, ಹೊಟ್ಟೆಯುಬ್ಬರಗಳಿಗೆ ಅರ್ಧ ಟೀ ಚಮಚ ಓಮವನ್ನು ಉಪ್ಪಿನೊಡನೆ ಅಗಿದು ಬಿಸಿನೀರು ಕುಡಿಯುವುದು ಎಲ್ಲರಿಗೂ ತಿಳಿದ ಮನೆಮದ್ದು. ಇದರ ತೈಲ ಕರುಳಿನ ಸ್ನಾಯುಗಳ ಬಿಗಿತವನ್ನು ಸಡಿಲಿಸುತ್ತದೆ ಎಂಬುದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ನೆಗಡಿಯಲ್ಲಿ ಹುರಿದ ಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೂಸಿದರೆ ಮೂಗು ಹಗುರವಾದಂತೆ ಅನಿಸುತ್ತದೆ. ಆದರೆ ಹೊಟ್ಟೆನೋವೆಲ್ಲ ವಾಯುವಿನ ನೋವಲ್ಲ. ಹೊಕ್ಕಳ ಬಳಿ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿಯುವ ನೋವು, ಜೊತೆಗೆ ವಾಂತಿ, ಜ್ವರ ಇದ್ದಲ್ಲಿ ಅದು ಅಪೆಂಡಿಕ್ಸ್ ಊದಿಕೊಂಡಿರುವ ಲಕ್ಷಣವಾಗಿರಬಹುದು. ಓಮ ತಿನ್ನಿಸುತ್ತ ರಾತ್ರಿ ಕಳೆಯದೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು. ಹಾಗೆಯೇ ಹಸುಗೂಸುಗಳಿಗೆ ಓಮದ ನೀರು ಕುಡಿಸುವ ರೂಢಿಯನ್ನು ಬಿಡುವುದು ಒಳ್ಳೆಯದು. ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ ಎಂಬುದು ವೈದ್ಯರ ಸಲಹೆ.

ಕಾಳಿಗಿಂತ ಹೆಚ್ಚಿನ ಎಚ್ಚರಿಕೆ ಬೇಕಾಗಿರುವುದು ಗ್ರಂಥಿಗೆ ಅಂಗಡಿಗಳಲ್ಲಿ 'ಅಜವಾನದ ಹೂವು' ಎಂದು ಮಾರುವ ಬಿಳಿ ಹರಳಿನ ವಿಷಯದಲ್ಲಿ. ಇದು ಹೂವಲ್ಲ, ಅಪ್ಪಟ ಥೈಮಾಲ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೊಕ್ಕೆಹುಳುವಿಗೆ ಇದೇ ಮುಖ್ಯ ಔಷಧಿಯಾಗಿತ್ತು. 1909ರಿಂದ 1914ರವರೆಗೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ರಾಕ್‌ಫೆಲರ್ ಆಯೋಗ ನಡೆಸಿದ ಕೊಕ್ಕೆಹುಳು ನಿರ್ಮೂಲನ ಕಾರ್ಯದಲ್ಲಿ ಥೈಮಾಲ್ ಕೊಟ್ಟು, ಅನಂತರ ಭೇದಿಯ ಉಪ್ಪು ಕೊಡಲಾಗುತ್ತಿತ್ತು. ಆ ದಿನ ಎಣ್ಣೆ, ತುಪ್ಪ, ಮದ್ಯ ಮುಟ್ಟಬಾರದೆಂಬ ಕಟ್ಟಪ್ಪಣೆಯಿತ್ತು. ಏಕೆಂದರೆ ಅವುಗಳಲ್ಲಿ ಕರಗಿದ ಥೈಮಾಲ್ ರಕ್ತಕ್ಕೆ ಸೇರಿ ವಿಷವಾಗುತ್ತದೆ. ಇಂದು ಹುಳುವಿಗೆ ಆಲ್ಬೆಂಡಜೋಲ್ ಮಾತ್ರೆ ಇದೆ. 2015ರಿಂದ ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಉಚಿತವಾಗಿ ಕೊಡಲಾಗುತ್ತಿದೆ. ಹರಳನ್ನು ನುಂಗಿಸುವ ಕಾರಣವೇ ಉಳಿದಿಲ್ಲ. ಈ ಹರಳು, ಪುದೀನ ಹೂವು, ಕರ್ಪೂರ ಮೂರನ್ನೂ ಒಂದು ಶೀಸೆಯಲ್ಲಿ ಹಾಕಿದರೆ ನೀರು ತಾಕಿಸದೆಯೇ ಕರಗಿ ದ್ರವವಾಗುತ್ತದೆ. ಅದೇ ಹೆಸರಾದ 'ಅಮೃತಧಾರೆ'. ಹಣೆಗೆ ಸವರಿಕೊಳ್ಳಲು ಅದು ಸರಿಯೇ. ಎಳೆಯ ಮಕ್ಕಳ ಮೂಗಿಗೆ ಹಚ್ಚಿದರೆ ಉಸಿರು ಕಟ್ಟುವ, ಹೊಟ್ಟೆಗೆ ಹೋದರೆ ಕರ್ಪೂರದಿಂದ ಫಿಟ್ಸ್ ಬರುವ ಅಪಾಯವಿದೆ. ಶೀಸೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಗರ್ಭಿಣಿಯರೂ ಹುಣ್ಣಿನ ಹೊಟ್ಟೆಯವರೂ ತೈಲ ಮತ್ತು ಹರಳನ್ನು ಸೇವಿಸಬಾರದು.

ಸೌಂದರ್ಯ ಸಾಧನಗಳಲ್ಲಿ ಥೈಮಾಲ್ ಇರುವುದು ಕ್ರಿಮಿನಾಶಕ ಗುಣಕ್ಕಾಗಿ. ಬಾಯಿ ಮುಕ್ಕಳಿಸುವ ದ್ರಾವಣ, ಟೂತ್‌ಪೇಸ್ಟ್, ಸಾಬೂನುಗಳಲ್ಲಿ ಇದನ್ನು ಬಳಸುತ್ತಾರೆ. ಮೇಲೆ ಹೇಳಿದಂತೆ ಮುಚ್ಚಿಟ್ಟ ಓಮದ ಕಷಾಯದಿಂದ ಮುಕ್ಕಳಿಸಿದರೂ ಬಾಯಿ ವಾಸನೆ ಕಡಿಮೆಯಾಗುತ್ತದೆ. ತೈಲವನ್ನು ಹಾಗೆಯೇ ಚರ್ಮಕ್ಕೆ ಹಚ್ಚಿದರೆ ಉರಿದು ಬೊಕ್ಕೆ ಏಳಬಹುದು. 100 ಮಿ.ಲೀ. ಕೊಬ್ಬರಿ ಎಣ್ಣೆಗೆ ಅರ್ಧ ಮಿ.ಲೀ. ಸಾಕು. ಅದನ್ನೂ ಮೊದಲು ಮುಂಗೈಗೆ ಹಚ್ಚಿ ಒಂದು ದಿನ ನೋಡಬೇಕು.

ಇನ್ನು ಬೆಳೆಗಾರರ ಮಾತು. 1914ರ ಯುದ್ಧಕ್ಕೆ ಮುಂಚೆ ನಮ್ಮ ಓಮ ಥೈಮಾಲ್ ತೆಗೆಯುವುದಕ್ಕಾಗಿ ಜರ್ಮನಿಗೆ ಹೋಗುತ್ತಿತ್ತು. ಯುದ್ಧದಿಂದ ಆ ವ್ಯಾಪಾರ ನಿಂತು ಇಲ್ಲಿಯೇ ಭಟ್ಟಿ ಇಳಿಸುವುದು ಶುರುವಾಯಿತು. ಈಗ ಥೈಮಾಲನ್ನು ಬಹುಪಾಲು ರಾಸಾಯನಿಕವಾಗಿಯೇ ತಯಾರಿಸುವುದರಿಂದ ಭಟ್ಟಿಯ ಆಸೆಗೆ ಓಮ ಹಾಕುವುದು ಲೆಕ್ಕಕ್ಕೆ ಬರಲಾರದು. ಅಡಿಗೆಮನೆಯ ಬೇಡಿಕೆಯೇ ಆಧಾರ. ರಾಜಸ್ಥಾನ, ಗುಜರಾತುಗಳಲ್ಲಿ ಇದು ದೊಡ್ಡ ಬೆಳೆ. ನೆರೆಯ ಆಂಧ್ರದ ಕರ್ನೂಲಿನ ಎರೆ ಭೂಮಿಯಲ್ಲಿಯೂ ಮಳೆಯಾಶ್ರಯದಲ್ಲಿ ಬೆಳೆಯುತ್ತಾರೆ. ಗುಂಟೂರಿನ ಬಳಿಯ ಲಾಂ ಕೇಂದ್ರದ ಲಾಂ ಸೆಲೆಕ್ಷನ್-1 ಎರೆ ಭೂಮಿಗೆ ಹೊಂದುವ ತಳಿ. ಬೀಜ ತೀರ ಸಣ್ಣದಾದ್ದರಿಂದ ಮರಳಿನೊಡನೆ ಬೆರೆಸಿ, ಮೇಲ್ಮೇಲೆ ಬಿತ್ತಬೇಕು. ಹೂಗೊಂಚಲು ಕಂದು ಬಣ್ಣಕ್ಕೆ ತಿರುಗಿದಾಗ ಗಿಡಗಳನ್ನು ಕೊಯ್ದು, ಬಡಿದು, ಕಾಳನ್ನು ನೆರಳಿನಲ್ಲಿ ಒಣಗಿಸಬೇಕು. ಸುಡುಬಿಸಿಲಿನಲ್ಲಿ ದಿನಗಟ್ಟಲೆ ಹರಡಿದರೆ ತೈಲ ಅಂಗಳದಲ್ಲಿಯೇ ಆರಿಹೋಗುತ್ತದೆ.